ಕಾಲ್ ಸೆಂಟರ್‌ನಲ್ಲಿ ಬ್ರೇಕ್‌ನ ಹೊತ್ತನ್ನು ವ್ಯವಸ್ಥೆಯೇ ನಿಗದಿ ಮಾಡಬೇಕೇ?

ಪರ: ದಣಿದವರ ಕೈಗೆ ಗಡಿಯಾರ ಕೊಡಬೇಡಿ

ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಒಂಬತ್ತು ಗಂಟೆಯ ಶಿಫ್ಟಿಗೆ ಒಂದು ಗಂಟೆ ಬ್ರೇಕ್ ಕೊಡುವುದು ರೂಢಿ. 15 ನಿಮಿಷ, ಊಟಕ್ಕೆ 30, ಮತ್ತೆ 15. ರೋಸ್ಟರ್‌ನಲ್ಲಿ ಇದು ಸರಿಯಾಗಿಯೇ ಕಾಣುತ್ತದೆ. ಫ್ಲೋರ್‌ನಲ್ಲಿ ನಡೆಯುವುದೇ ಬೇರೆ. ಗೋಡೆಯ ಬೋರ್ಡಿನಲ್ಲಿ ಕಾಯುತ್ತಿರುವ ಕಾಲ್‌ಗಳ ಕ್ಯೂ ಕೆಂಪಾಗಿರುವಾಗ ಎದ್ದು ಹೋಗಲು ಯಾರಿಗೂ ಧೈರ್ಯ ಬರುವುದಿಲ್ಲ. ‘ಇನ್ನೆರಡು ಕಾಲ್ ಆಗಲಿ’ ಎಂದು ಮುಂದೂಡಿದ ಮೊದಲ ಬ್ರೇಕ್ ಊಟಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಎರಡನೆಯದು ಲಾಗೌಟ್‌ಗೆ. ದಣಿವು ಗೊತ್ತಾಗುವುದೂ ತಡವಾಗಿಯೇ: ದನಿ ಗಡುಸಾದ ಮೇಲೆ, ಗ್ರಾಹಕರನ್ನು ಅದೇ ಪ್ರಶ್ನೆ ಎರಡು ಸಲ ಕೇಳಿದ ಮೇಲೆ.

ಸಂಶೋಧಕರಾದ ಎಮಿಲಿ ಹಂಟರ್ ಮತ್ತು ಸಿಂಡಿ ವೂ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಚೇತರಿಕೆ ಕೊಟ್ಟದ್ದು ಕೆಲಸದ ದಿನದ ಆರಂಭದ ಹೊತ್ತಿನಲ್ಲೇ ತೆಗೆದುಕೊಂಡ ವಿರಾಮ. ಏಜೆಂಟರ ಇಚ್ಛೆಗೆ ಬಿಟ್ಟರೆ ಮೊದಲು ಕೈತಪ್ಪುವುದು ಅದೇ.

ಹಾಗಾಗಿ ಇದೇ 60 ನಿಮಿಷವನ್ನು ಊಟಕ್ಕೆ 30, ಮೂರು ಸಲ ಹತ್ತತ್ತು ನಿಮಿಷ ಎಂದು ಹಂಚಬೇಕು. 40 ಜನರ ತಂಡದಲ್ಲಿ ಐದೈದು ಜನರ ಎಂಟು ಗುಂಪು ಮಾಡಿ. ಲಾಗಿನ್ ಆದ 70ನೇ ನಿಮಿಷಕ್ಕೆ ಮೊದಲ ಗುಂಪು ಎದ್ದರೆ 140ನೇ ನಿಮಿಷಕ್ಕೆ ಎಂಟನೆಯದು ಏಳುತ್ತದೆ. ಯಾವ ಹೊತ್ತಿನಲ್ಲೂ ಹೊರಗಿರುವವರು ಐದೇ ಜನ, ಕ್ಯೂ ಕುಸಿಯುವುದಿಲ್ಲ. ಊಟಕ್ಕೆ ಮಾತ್ರ ಹತ್ತು ಹತ್ತು ಜನರ ನಾಲ್ಕು ಸರದಿ ಬೇಕು. 200ನೇ ನಿಮಿಷಕ್ಕೆ ಶುರುವಾದರೆ ಕೊನೆಯ ಸರದಿ ಏಳುವುದು 290ನೇ ನಿಮಿಷಕ್ಕೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳಿದ ಸತತ ಐದು ಗಂಟೆಯ ಮಿತಿಯೊಳಗೇ ಅದು ಬರುತ್ತದೆ.

ಇಂಥ ಏರ್ಪಾಡು ಕೆಡುವುದು ಹೆಚ್ಚಾಗಿ ಒಂದೇ ಕಡೆ. ಸಾಫ್ಟ್‌ವೇರ್ ರೋಸ್ಟರ್‌ನ ಹೊತ್ತಿನಿಂದ ನಿಮಿಷ ಎಣಿಸಲು ಶುರು ಮಾಡುತ್ತದೆ. ಆಗ ಏಳು ನಿಮಿಷ ಎಳೆದ ಕಾಲ್ ಹತ್ತು ನಿಮಿಷದ ಬ್ರೇಕ್‌ನಲ್ಲಿ ಏಳನ್ನು ನುಂಗಿಬಿಡುತ್ತದೆ. ನಡೆಯುತ್ತಿರುವ ಕಾಲ್ ಮುಗಿದು, ಅದರ ಟಿಪ್ಪಣಿ ಬರೆದಾದ ಮೇಲೆ ಏಜೆಂಟ್ ತಾನಾಗಿ ಹೊಸ ಕಾಲ್ ಬರದ ಸ್ಥಿತಿಯಾದ ಆಕ್ಸ್‌ಗೆ ಹೋಗಬೇಕು. ಎಣಿಕೆ ಅಲ್ಲಿಂದ ಆರಂಭವಾಗಬೇಕು. ಶೌಚಾಲಯಕ್ಕೆ ಹೋದದ್ದನ್ನು ಈ ಲೆಕ್ಕಕ್ಕೆ ಸೇರಿಸಲೇಬಾರದು. ಇನ್ನು ಹೆಡ್‌ಸೆಟ್ ತೆಗೆದು, ಕುರ್ಚಿ ಬಿಟ್ಟು, ಕಿಟಕಿಯಾಚೆ ದೂರಕ್ಕೆ ನೋಡಿ, ನೀರು ಕುಡಿದರೆ ಹತ್ತು ನಿಮಿಷಕ್ಕೆ ಬೆಲೆ ಬರುತ್ತದೆ. ಅದೇ ಕುರ್ಚಿಯಲ್ಲಿ ಕೂತು ಮೊಬೈಲ್ ಸ್ಕ್ರೋಲ್ ಮಾಡಿದರೆ ಕಣ್ಣಿಗೂ ಬಿಡುವಿಲ್ಲ, ಬೆನ್ನಿಗೂ ಇಲ್ಲ.

ವಿರೋಧ: ನಿಗದಿಯಾದ ಬಿಡುವು ಇನ್ನೊಂದು ಟಾರ್ಗೆಟ್

ಹಂಟರ್ ಮತ್ತು ವೂ ಅವರ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿದೆ: ತಮಗೆ ಬೇಕಾದುದನ್ನು ಮಾಡಿದವರೇ ಹೆಚ್ಚು ಚೇತರಿಸಿಕೊಂಡರು. ಜಾನ್ ಟ್ರುಗಾಕೊಸ್ ಮತ್ತು ಸಂಗಡಿಗರು 2014ರಲ್ಲಿ ಊಟದ ಬಿಡುವಿನ ಬಗ್ಗೆ ಕಂಡುಕೊಂಡದ್ದು ಇನ್ನೂ ನೇರವಾಗಿದೆ. ಹೇಗೆ ಕಳೆಯಬೇಕೆಂಬ ಸ್ವಾತಂತ್ರ್ಯ ಇಲ್ಲದಾಗ ಸಹೋದ್ಯೋಗಿಗಳ ಜತೆ ಬೆರೆಯುವುದೂ ದಣಿವನ್ನು ಹೆಚ್ಚಿಸಿತು. ಬಿಡುವು ಚೇತರಿಕೆ ಕೊಡಬೇಕಾದರೆ ಅದು ತನ್ನದು ಅನ್ನಿಸಬೇಕು. ಸ್ಕ್ರೀನಿನಲ್ಲಿ 10:00ರಿಂದ ಇಳಿಯುತ್ತಾ ಬರುವ ಅಂಕಿ ಹಾಗೆ ಅನ್ನಿಸಲು ಬಿಡುವುದಿಲ್ಲ. ಲಿಫ್ಟ್ ಬರಲು ತಡವಾದರೆ ‘ಬ್ರೇಕ್ ಎಕ್ಸೀಡ್’ ವರದಿ ಟಿಎಲ್ (ಟೀಮ್ ಲೀಡರ್) ಮೇಜಿಗೆ ಹೋಗುತ್ತದೆ ಎಂದು ಗೊತ್ತಿರುವವರು ಪ್ಯಾಂಟ್ರಿಯಲ್ಲೂ ಗಡಿಯಾರವನ್ನೇ ನೋಡುತ್ತಿರುತ್ತಾರೆ.

ರಾತ್ರಿ ಪಾಳಿಯನ್ನೇ ನೋಡಿ. ನಸುಕಿನ ಮೂರರಿಂದ ಐದರ ನಡುವೆ ದೇಹ ತಾನಾಗಿ ಜಗ್ಗುತ್ತದೆ. ಆಗ ಬೇಕಾದದ್ದು 20 ನಿಮಿಷದ ನಿದ್ದೆ, ಎದ್ದು ಮುಖ ತೊಳೆದು ಮಂಪರು ಕಳೆಯಲು ಇನ್ನೊಂದು ಹತ್ತು ನಿಮಿಷ. ಹತ್ತರ ಮೂರು ತುಂಡುಗಳನ್ನು ಬೇರೆ ಬೇರೆ ಗಂಟೆಗೆ ಹಂಚಿದರೆ ಈ ನಿದ್ದೆ ಎಲ್ಲಿಂದ ಬರಬೇಕು? ಬಸುರಿ ಹೆಂಗಸಿಗೆ, ಹೊತ್ತಿಗೆ ಸರಿಯಾಗಿ ತಿನ್ನಬೇಕಾದ ಮಧುಮೇಹಿಗೆ, ಮುಟ್ಟಿನ ನೋವಿನಲ್ಲಿರುವವರಿಗೆ ಎಂಟನೇ ಗುಂಪಿನ ಸರದಿ ಬರುವವರೆಗೆ ಕಾಯಿರಿ ಎನ್ನುವುದು ಕ್ರೌರ್ಯ.

40ರಲ್ಲಿ ಐದೇ ಜನ ಹೊರಗಿರಬೇಕು ಎಂಬ ಮಿತಿ ನ್ಯಾಯವಾದದ್ದೇ, ಅದು ಇರಲಿ. ಊಟದ ಹೊತ್ತಿಗೆ ಹತ್ತು ಮಾಡಿ. ಖಾಲಿ ಜಾಗ ಎಷ್ಟಿದೆ ಎಂಬುದು ಎಲ್ಲರಿಗೂ ಕಾಣುವ ಬೋರ್ಡಿನಲ್ಲಿರಲಿ, 60 ನಿಮಿಷ ಹೇಗೆ ಒಡೆಯಬೇಕೆಂಬುದು ಏಜೆಂಟರಿಗೆ ಬಿಟ್ಟದ್ದು. ಮುಂದೂಡುವ ಚಟಕ್ಕೂ ಮದ್ದಿದೆ: ಎರಡು ಗಂಟೆ ಬ್ರೇಕ್ ಇಲ್ಲದೆ ಕೂತವರಿಗೆ ಖಾಲಿ ಜಾಗದಲ್ಲಿ ಮೊದಲ ಹಕ್ಕು ಕೊಡಿ.

ಇಷ್ಟಾದರೂ ಮುಖ್ಯ ತಂಟೆ ಬ್ರೇಕ್‌ಗಳ ನಡುವಿನ ಗಂಟೆಗಳಲ್ಲಿದೆ. ಆಕ್ಯುಪೆನ್ಸಿ, ಅಂದರೆ ಏಜೆಂಟ್ ಕಾಲ್ ಕೆಲಸದಲ್ಲೇ ಮುಳುಗಿರುವ ಹೊತ್ತಿನ ಪಾಲು, 85% ಇದ್ದಾಗ ಕಾಲ್‌ಗಳ ನಡುವೆ ಗಂಟೆಗೆ ಒಂಬತ್ತು ನಿಮಿಷ ಉಸಿರಾಡಲು ಸಿಗುತ್ತದೆ. ಜನ ಕಡಿಮೆ ಹಾಕಿ ಅದನ್ನು 95%ಕ್ಕೆ ಏರಿಸಿದರೆ ಉಳಿಯುವುದು ಮೂರು. ಬ್ರೇಕ್ ಬಿಟ್ಟು ಎಂಟು ಗಂಟೆಯಲ್ಲಿ 48 ನಿಮಿಷ ಹೋಯಿತು. ಹತ್ತು ನಿಮಿಷದ ಮೂರು ಬ್ರೇಕ್ ಸೇರಿದರೂ ಅದು ತುಂಬುವುದಿಲ್ಲ. ಸಣ್ಣ ವಿರಾಮಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬಂದ ವಿಶ್ಲೇಷಣೆ ಕೂಡ ಹತ್ತು ನಿಮಿಷದೊಳಗಿನ ಬಿಡುವು ದಣಿವನ್ನು ಇಳಿಸುತ್ತದೆ, ಆದರೆ ತಲೆ ತುಂಬ ಸವೆಯುವ ಕೆಲಸಕ್ಕೆ ಅಷ್ಟು ಸಾಲದಿರಬಹುದು ಎಂದಿತು.

ವ್ಯವಸ್ಥೆಯೇ ಕೊಡಬೇಕಾದ ಬಿಡುವು ಒಂದಿದೆ. ಗ್ರಾಹಕ ಬೈದು ಫೋನ್ ಇಟ್ಟ ಮೇಲೆ ಮುಂದಿನ ಕಾಲ್ ತಕ್ಷಣ ಕಿವಿಗೆ ಬೀಳಬಾರದು. ಏಜೆಂಟ್ ಒತ್ತಿದರೆ ಐದು ನಿಮಿಷ ಕಾಲ್ ಬರದಂತೆ ತಡೆಯುವ ಬಟನ್ ಸ್ಕ್ರೀನಿನಲ್ಲಿರಲಿ. ಆ ಐದು ನಿಮಿಷ 60ರಲ್ಲಿ ಕಳೆಯಬಾರದು, ಯಾಕೆ ಒತ್ತಿದೆ ಎಂದು ಟಿಎಲ್ ಕೇಳಬಾರದು.