ರಾಬಿನ್ ಸ್ಪಾರ್ಕಲ್ಸ್ ಮತ್ತು ನಮ್ಮೂರ ಗ್ಯಾದರಿಂಗ್

ಶಾಲೆಗಳಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಶುರುವಾಯಿತೆಂದರೆ ಶಿರಸಿ ಪೇಟೆಯಲ್ಲಿ ಮಿಂಚಿನ ಕಾಗದಕ್ಕೆ ಬರ. ಒಂದೇ ವಾರದಲ್ಲಿ ಸುತ್ತಲಿನ ಮಕ್ಕಳೆಲ್ಲ ನವಿಲು, ಸೈನಿಕ, ಕಿತ್ತೂರು ಚೆನ್ನಮ್ಮ ಆಗಬೇಕಲ್ಲ. ಅಡಿಕೆ ಕೊಯ್ಲೂ ಅದೇ ಹೊತ್ತಿಗೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಇವತ್ತು ಬರ್ತಾನೋ ನಾಳೆ ಬರ್ತಾನೋ ಎಂದು ನಮ್ಮಣ್ಣ ಅಂಗಳದಲ್ಲಿ ಶತಪಥ ಹಾಕುತ್ತಿದ್ದರೆ, ಒಳಗೆ ಅವನ ಮಗಳು ಸಿಂಚನಾ ಗ್ಯಾದರಿಂಗಿನ ಫಾರ್ಮ್ ತುಂಬುತ್ತಿದ್ದಳು.

ಈ ಫಾರ್ಮ್‌ಗೂ ಒಂದು ಕಥೆ ಇದೆ. ಹಿಂದೊಮ್ಮೆ ಯಾರೋ ಮಕ್ಕಳು ಐಟಂ ಸಾಂಗಿಗೆ ಕುಣಿದರಂತೆ. ಪಾಲಕರ ಸಭೆಯಲ್ಲಿ ಅದು ದೊಡ್ಡ ರಾಮಾಯಣವಾಯಿತು. ಅಲ್ಲಿಂದೀಚೆಗೆ ಹಾಡು ಯಾವುದು, ಹಾಡಿದವರು ಯಾರು, ಹಾಡಿನ ಸಾರಾಂಶ ಏನು ಎಲ್ಲ ಬರೆದು ಕೊಡಬೇಕು. ಸಿಂಚನಾ ನೀಟಾಗಿ ಬರೆದಳು. ಹಾಡು: ಲೆಟ್ಸ್ ಗೋ ಟು ದ ಮಾಲ್. ಹಾಡಿದವರು: ರಾಬಿನ್ ಸ್ಪಾರ್ಕಲ್ಸ್, ಕೆನಡಾ. ಸಾರಾಂಶ: ಎಲ್ಲರೂ ಸೇರಿ ಪೇಟೆಗೆ ಹೋಗೋಣ ಎಂಬ ಸಂದೇಶ.

ಒಗ್ಗಟ್ಟಿನ ಹಾಡು ಎಂದು ಶಾಲೆಯವರು ಕೂಡಲೇ ಒಪ್ಪಿಬಿಟ್ಟರು.

ತೊಡಕು ಒಂದೇ. ರಾಬಿನ್ ಸ್ಪಾರ್ಕಲ್ಸ್ ಎಂಬ ಗಾಯಕಿ ಈ ಭೂಮಿಯ ಮೇಲೆ ಇಲ್ಲ.

'ಹೌ ಐ ಮೆಟ್ ಯುವರ್ ಮದರ್' ಎಂಬ ಅಮೆರಿಕದ ಧಾರಾವಾಹಿಯಲ್ಲಿ ರಾಬಿನ್ ಅಂತ ಒಂದು ಪಾತ್ರ. ಊರು ಕೆನಡಾ, ಕೆಲಸ ನ್ಯೂಯಾರ್ಕಿನಲ್ಲಿ ಟಿವಿ ವರದಿಗಾರ್ತಿ. ಅವಳು ಮಾಲ್‌ಗೆ ಕಾಲಿಡುವುದಿಲ್ಲ. ಯಾಕೆ ಅಂದರೆ ಬಾಯಿ ಬಿಡುವುದೂ ಇಲ್ಲ. ಗುಟ್ಟಾಗಿ ಮದುವೆಯಾಗಿದ್ದಾಳೆ ಎಂದು ಒಬ್ಬ ಗೆಳೆಯನ ವಾದ. ಇನ್ನೊಬ್ಬನ ಊಹೆ ಇಲ್ಲಿ ಬರೆಯುವಂಥದ್ದಲ್ಲ. ಸೋತವನಿಗೆ ಕಪಾಳಮೋಕ್ಷ ಎಂದು ಬಾಜಿ. ಕೊನೆಗೆ ನೋಡಿದರೆ ವಿಷಯ ಬೇರೆಯೇ. ಹುಡುಗಿ ಹದಿಹರೆಯದಲ್ಲಿ ಕೆನಡಾದ ಪಾಪ್ ಗಾಯಕಿ. ಮಾಲ್ ಮಾಲ್ ಎಂದು ಹಾಡುತ್ತಾ ಊರೂರು ಸುತ್ತಿದವಳು. ಆ ಹಳೇ ವಿಡಿಯೋ ಗೆಳೆಯರ ಕೈಗೆ ಸಿಕ್ಕಿ ಅವಳ ಮಾನ ಹೋಗುತ್ತದೆ. ಆ ಕಂತು ಪ್ರಸಾರವಾದದ್ದು 2006ರ ನವೆಂಬರ್ 20ರಂದು. ಹಾಡಿದವಳು ಪಾತ್ರ ಮಾಡಿದ ನಟಿ ಕೋಬಿ ಸ್ಮಲ್ಡರ್ಸ್. ಅವಳು ಮಾತ್ರ ನಿಜವಾಗಿಯೂ ಕೆನಡಾದವಳೇ, ವ್ಯಾಂಕೂವರ್‌ನಲ್ಲಿ ಹುಟ್ಟಿದವಳು.

ಮಾಲ್ ಯಾಕೆ ಬಂತು ಅಂದರೆ ಅದಕ್ಕೂ ಕಾರಣವಿದೆ. ಟಿಫನಿ ಎಂಬ ಅಮೆರಿಕದ ಹುಡುಗಿ 1987ರಲ್ಲಿ ನಿಜವಾಗಿಯೂ ಮಾಲ್‌ನಿಂದ ಮಾಲ್‌ಗೆ ಹೋಗಿ ಹಾಡಿ ಹೆಸರು ಮಾಡಿದಳು. ಆ ಕಾಲದ ಪಾಪ್ ಹಾಡುಗಳನ್ನೆಲ್ಲ ಒಟ್ಟಿಗೆ ಅಣಕಿಸಿ ಮಾಡಿದ ಹಾಡು ಇದು. ನನಗೆ ಮೆಚ್ಚುಗೆ ಇರುವುದು ಇಲ್ಲೇ. ಒಳ್ಳೆಯ ಹಾಡು ಮಾಡಿದರೆ ನಗು ಬರುವುದಿಲ್ಲ. ಕೆಟ್ಟ ಹಾಡು ಮಾಡಿದರೆ ಯಾರೂ ಕೇಳುವುದಿಲ್ಲ. ಲೆಕ್ಕ ಹಾಕಿ ಇಷ್ಟೇ ಇಷ್ಟು ಕೆಟ್ಟದಾಗಿ ಮಾಡಿ, ಒಮ್ಮೆ ಕಿವಿಗೆ ಹೊಕ್ಕರೆ ಹೊರಗೆ ಬಾರದಂತೆ ಮಾಡುವುದಿದೆಯಲ್ಲ, ಅದು ಸುಮ್ನೆ ಮಾತಲ್ಲ. ನಮ್ಮನೆಯಲ್ಲಿ ಅಡಿಕೆ ಸುಲಿಯಲು ಬಂದ ಹೆಂಗಸರೂ ಎರಡನೇ ದಿನಕ್ಕೆ ಆ ರಾಗ ಗುನುಗುತ್ತಿದ್ದರು.

ಇದೆಲ್ಲ ನಮ್ಮ ಆಯಿಗೆ ಹೇಗೆ ವಿವರಿಸುವುದು ಎಂಬ ಚಿಂತೆ ನನಗಿತ್ತು. ಕಾರ್ಟೂನ್‌ನಿಂದ ಶುರು ಮಾಡಿದೆ. ಆರ್ಚೀಸ್ ಎಂಬ ತಂಡದ 'ಶುಗರ್ ಶುಗರ್' ಹಾಡು 1969ರಲ್ಲಿ ಅಮೆರಿಕದಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಆದರೆ ಆ ತಂಡದವರೆಲ್ಲ ಬರೀ ಚಿತ್ರಗಳು. ಗಿಟಾರ್ ಹಿಡಿದು ಕುಣಿದದ್ದು ಗೊಂಬೆಗಳು, ಹಿಂದೆ ನಿಂತು ಹಾಡಿದ್ದು ರಾನ್ ಡಾಂಟೆ ಎಂಬ ಮನುಷ್ಯ. ಆಯಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದಳು. "ವೇಷ ಕುಣಿತು, ಭಾಗವತ್ರು ಹಾಡ್ತ. ಇದ್ರಲ್ಲಿ ಎಂತ ಹೊಸತು ಇದ್ದು?" ಎಂದಳು. ಅಲ್ವಾ? ಮುಮ್ಮೇಳ ಹಿಮ್ಮೇಳ ನೋಡಿ ಬೆಳೆದವರಿಗೆ ಅಮೆರಿಕದವರು ಹೊಸದಾಗಿ ಹೇಳಿಕೊಡುವುದು ಅಷ್ಟರಲ್ಲೇ ಇದೆ.

ತಯಾರಿ ಜೋರಾಗಿ ನಡೆಯಿತು. ಮೂಲ ವಿಡಿಯೋದಲ್ಲಿ ರಾಬಿನ್ ಬಣ್ಣಬಣ್ಣದ ಬರಹದ ಜಾಕೆಟ್ ಹಾಕಿ, ಕೈತುಂಬ ರಬ್ಬರ್ ಬಳೆ ತೊಟ್ಟು ಕುಣಿಯುತ್ತಾಳೆ. ಜೊತೆಗೊಂದು ರೋಬೋಟ್. ಆ ವಿಡಿಯೋದ ದಿರಿಸು ಯಾಕಿಷ್ಟು ಹಳೆಯದು ಎಂದು ಗೆಳೆಯರು ಕೇಳಿದರೆ, ಎಂಬತ್ತರ ದಶಕ ಕೆನಡಾಕ್ಕೆ ಬಂದದ್ದೇ 1993ರ ಹೊತ್ತಿಗೆ ಎನ್ನುತ್ತಾಳೆ ರಾಬಿನ್. ಅಮೆರಿಕದವರಿಗೆ ಇದು ಜೋಕು. ಬೆಂಗಳೂರಿನವರು ಬೆಲ್ ಬಾಟಮ್ ಬಿಚ್ಚಿ ಅಟ್ಟಕ್ಕೆ ಎಸೆದ ಮೇಲೆ ಹೊಲಿಸಿಕೊಂಡ ನಮ್ಮಣ್ಣನಂಥವರಿಗೆ ಇದು ಜೀವನ.

ಜಾಕೆಟ್ ಅಣ್ಣನದ್ದೇ ಸಿಕ್ಕಿತು. ಹರೆಯದಲ್ಲಿ ಹುಬ್ಬಳ್ಳಿಯಲ್ಲಿ ಕೊಂಡ ಜೀನ್ಸ್ ಜಾಕೆಟ್. ಅದರ ಬೆನ್ನಿನ ಮೇಲೆ ಅಡಿಕೆ ತೊಗರಿನ ದೊಡ್ಡ ಕಲೆ. ತೊಗರಿನ ಕಲೆ ಯಾವ ಸೋಪಿಗೂ ಹೋಗುವಂಥದ್ದಲ್ಲ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸಿಂಚನಾ ಅದನ್ನು ತೊಳೆಯುವ ಗೋಜಿಗೇ ಹೋಗಲಿಲ್ಲ. ಕಲೆಯ ಸುತ್ತ ಕೆಂಪು ಫ್ಯಾಬ್ರಿಕ್ ಪೇಂಟ್‌ನಲ್ಲಿ ಗೆರೆ ಎಳೆದಳು, ಅಂಚಿಗೆ ಮೊನೆ ಮೊನೆ ತೆಗೆದಳು, ಕೆಳಗೊಂದು ತೊಟ್ಟು ಇಟ್ಟಳು. ಕೆನಡಾ ಬಾವುಟದ ಮೇಪಲ್ ಎಲೆ ತಯಾರು! ಬಣ್ಣ ಒಣಗಲೆಂದು ಅಡಿಕೆ ಒಣಗಿಸುವ ಅಟ್ಟದಲ್ಲಿ ನೇತು ಹಾಕಿದ್ದಳು. ಹೊಗೆ ವಾಸನೆ ಬೋನಸ್. ಅಣ್ಣನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಇನ್ನು ಮಾಲ್. ಇಲ್ಲಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಕುಣಿಯುವ ಹುಡುಗಿಯರಲ್ಲಿ ಅರ್ಧದಷ್ಟು ಜನ ಮಾಲ್ ನೋಡಿದ್ದು ಟಿವಿಯಲ್ಲೇ. ಹಾಗಾಗಿ ಮಾರಿಕಾಂಬಾ ಜಾತ್ರೆಯ ಪೇಟೆಯನ್ನೇ ರಂಗಕ್ಕೆ ತಂದರು. ಬಳೆ ಅಂಗಡಿ, ಬೆಂಡು ಬತ್ತಾಸಿನ ಅಂಗಡಿ. ಜಾತ್ರೆಗಳಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಭವಿಷ್ಯ ಹೇಳುವ ರೋಬೋಟ್ ಇರುತ್ತದಲ್ಲ, ಹಾಗಾಗಿ ರೋಬೋಟ್ ಬಂದದ್ದೂ ಯಾರಿಗೂ ಅಸಹಜ ಅನ್ನಿಸಲಿಲ್ಲ. ರೋಬೋಟ್ ಆದದ್ದು ಪಕ್ಕದ ಮನೆ ಮಾಣಿ. ದೊಡ್ಡ ರಟ್ಟಿನ ಪೆಟ್ಟಿಗೆಗೆ ಫಾಯಿಲ್ ಸುತ್ತಿ, ಕಣ್ಣಿಗೆರಡು ತೂತು ಕೊರೆದು ಅವನ ಮೇಲೆ ಕವುಚಿದರು.

ಅಂದು ಸಂಜೆ ನಿರೂಪಣೆಗೆ ನಿಂತ ಮೇಷ್ಟ್ರ ಕೈಯಲ್ಲಿ ಆ ಫಾರ್ಮ್ ಇತ್ತು. ಬರೀ ಹೆಸರು ಓದಿ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ಕನ್ನಡ ಮೇಷ್ಟ್ರು. "ಕೆನಡಾ ದೇಶದ ಕೋಗಿಲೆ, ಎಳೆಯ ವಯಸ್ಸಿನಲ್ಲೇ ಕೋಟ್ಯಂತರ ಹೃದಯಗಳನ್ನು ಗೆದ್ದ ಕುಮಾರಿ ರಾಬಿನ್ ಸ್ಪಾರ್ಕಲ್ಸ್ ಅವರ ಕಂಠಸಿರಿಯಲ್ಲಿ..." ಎಂದು ಶುರು ಮಾಡಿದರು. ಮುಖ್ಯ ಅತಿಥಿಗಳು ಜೇಬಿನಿಂದ ಪೆನ್ನು ತೆಗೆದು ಆಮಂತ್ರಣ ಪತ್ರಿಕೆಯ ಹಿಂದೆ ಏನೋ ಬರೆದುಕೊಂಡರು. ನನಗೆ ಆಗಲೇ ಅನುಮಾನ ಬಂತು.

ಹಾಡು ಶುರುವಾಯಿತು. "ಅದು ನನ್ನ ಜಾಕೆಟ್ ಅಲ್ದಾ!" ಎಂದು ಅಣ್ಣ ಎದ್ದು ನಿಂತ. ಹಿಂದಿನವರು ಕೂರಿಸಿದರು. ಅಷ್ಟರಲ್ಲಿ ಒಂದೊಂದು ಜಿಗಿತಕ್ಕೂ ಮಾಣಿಯ ಪೆಟ್ಟಿಗೆ ಕೆಳಕೆಳಗೆ ಜಾರಿ, ಕಣ್ಣಿನ ತೂತು ಗಲ್ಲದ ಹತ್ತಿರ ಬಂದಿತ್ತು. ಏನೂ ಕಾಣದ ರೋಬೋಟ್ ಬಳೆ ಅಂಗಡಿ ಬೀಳಿಸಿ, ಹುಡುಗಿಯರ ಸಾಲು ಸೀಳಿಕೊಂಡು ರಂಗದ ಇನ್ನೊಂದು ಬದಿಗೆ ನಡೆಯಿತು. ಗಣ್ಯರ ಕುರ್ಚಿಗಳಿದ್ದದ್ದು ಅಲ್ಲೇ. ಮುಖ್ಯ ಅತಿಥಿಗಳ ಮೊಣಕಾಲಿಗೆ ತಾಗಿ ನಿಂತಿತು. ದಾರಿ ಹುಡುಕಲು ಸ್ವಲ್ಪ ಬಗ್ಗಿತು. ಅತಿಥಿಗಳು ಇದು ತಮಗೆ ಮಾಡುತ್ತಿರುವ ಸನ್ಮಾನ ಎಂದುಕೊಂಡರು. ಎದ್ದು ಕೈಮುಗಿದು ತಲೆಬಾಗಿದರು. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಬೆಂಚಿನಿಂದ ಶಿಳ್ಳೆ ಕೂಡ ಬಂತು.

ಅತಿಥಿಗಳ ಭಾಷಣದಲ್ಲಿ ರಾಬಿನ್ ಸ್ಪಾರ್ಕಲ್ಸ್ ಬಂದೇ ಬಂದಳು. ಬಡತನದಲ್ಲಿ ಹುಟ್ಟಿ, ಹಿಮ ಸುರಿಯುವ ದೇಶದಲ್ಲಿ ಮೈಲಿಗಟ್ಟಲೆ ನಡೆದು ಸಂಗೀತ ಕಲಿತು, ತಂದೆತಾಯಿಯ ಮಾತು ಕೇಳಿ ಮುಂದೆ ಬಂದಳು. ಮಕ್ಕಳು ಮೊಬೈಲ್ ಬಿಟ್ಟು ಅವಳ ಹಾಗೆ ಸಾಧನೆ ಮಾಡಬೇಕು. ಧಾರಾವಾಹಿ ಬರೆದವರಿಗೂ ಇಷ್ಟು ಹೊಳೆದಿರಲಿಲ್ಲ. ಸೈಡ್ ವಿಂಗ್‌ನಲ್ಲಿ ಸಿಂಚನಾ ಜಾಕೆಟ್ಟಿನ ಕಾಲರ್ ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದಳು.

ಇದಾಗಿ ಸ್ವಲ್ಪ ದಿನಕ್ಕೆ ಅಣ್ಣ ಅಡಿಕೆ ಹಾಕಲು ಸೊಸೈಟಿಗೆ ಹೋದಾಗ ಅದೇ ಅತಿಥಿಗಳು ಸಿಕ್ಕರು. ಬನವಾಸಿ ಕದಂಬೋತ್ಸವಕ್ಕೆ ಈ ಸಲ ಹೊರದೇಶದ ಕಲಾವಿದರೊಬ್ಬರು ಬಂದರೆ ಹೇಗೆ ಎಂದು ಅವರ ಯೋಚನೆ.

"ಆ ಕೆನಡಾದ ಹುಡುಗಿಯನ್ನ ಕರೆಸೋದಕ್ಕೆ ಎಷ್ಟು ಖರ್ಚು ಬರಬಹುದು ಮಾರಾಯ್ರೇ? ನಿಮ್ಮ ಮಗಳಿಗೆ ಪರಿಚಯ ಇರಬೇಕಲ್ಲ?"

ಅಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಧಾರಾವಾಹಿಯನ್ನೂ ಅಷ್ಟರಲ್ಲಿ ಮಗಳ ಜೊತೆ ಕೂತು ಪೂರ್ತಿ ನೋಡಿ ಮುಗಿಸಿದ್ದ.

"ಇಲ್ಲ, ಈಗ ಅವಳು ಹಾಡೋದಿಲ್ಲ. ಬಿಟ್ಟು ತುಂಬ ವರ್ಷ ಆಯ್ತು. ನ್ಯೂಯಾರ್ಕಿನಲ್ಲಿ ಟಿವಿ ವಾರ್ತೆಯಲ್ಲಿದ್ದಾಳೆ."

ಅತಿಥಿಗಳು ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದರು.

"ಒಳ್ಳೇದೇ ಮಾಡಿದ್ಲು ಬಿಡಿ. ತಿಂಗಳಿಗೊಂದು ಸಂಬಳ ಅಂತ ಬರ್ತದೆ."