ಹತ್ತಡಿ ಕೋಣೆಯ ಕುಬೇರ

ಅಮೆರಿಕದ ಮನೆಗಳಲ್ಲಿ ಗ್ಯಾರೇಜ್ ಅಂತ ಒಂದು ಇರುತ್ತದೆ. ಹೆಸರಿಗೆ ಕಾರು ನಿಲ್ಲಿಸುವ ಜಾಗ. ಕಾರು ಮಾತ್ರ ಹೊರಗೆ ಬಿಸಿಲು ಕಾಯುತ್ತಿರುತ್ತದೆ. ಒಳಗಿರುವುದು ಹಳೇ ಸೋಫಾ, ಮಕ್ಕಳು ತುಳಿದು ಬಿಟ್ಟ ಸೈಕಲ್, ಹೊಟ್ಟೆ ಇಳಿದ ಮೇಲೆ ಹಾಕೋಣ ಎಂದು ಎತ್ತಿಟ್ಟ ಬಟ್ಟೆ, ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ. ಗ್ಯಾರೇಜೂ ತುಂಬಿತು ಅಂದ್ರೆ ಜನ ಹೆದ್ದಾರಿ ಪಕ್ಕಕ್ಕೆ ಹೋಗಿ ಒಂದು ಕೋಣೆ ಬಾಡಿಗೆ ಹಿಡಿಯುತ್ತಾರೆ. ಮನುಷ್ಯರಿಗಲ್ಲ, ಸಾಮಾನಿಗೆ. ಅದೇ ಸ್ಟೋರೇಜ್ ಯೂನಿಟ್. ಸಾಲಾಗಿ ಶಟರ್ ಎಳೆದ ಕೋಣೆಗಳು. ಐದಡಿ ಅಗಲ ಐದಡಿ ಉದ್ದದ ಗೂಡಿನಿಂದ ಹಿಡಿದು ಹತ್ತಡಿಗೆ ಮೂವತ್ತಡಿಯ ಹಜಾರದವರೆಗೂ ಸಿಗುತ್ತವೆ. ಇಡೀ ದೇಶದಲ್ಲಿ ಇಂಥ ಜಾಗಗಳು 50,000ಕ್ಕೂ ಜಾಸ್ತಿ ಇವೆ. ಈ ವ್ಯಾಪಾರ ಈಗಿನ ರೂಪಕ್ಕೆ ಬಂದದ್ದು 1960ರ ದಶಕದಲ್ಲಿ, ನಮ್ಮ ಟೆಕ್ಸಸ್‌ನ ಒಡೆಸ್ಸಾ ಎಂಬ ತೈಲದ ಊರಿನಲ್ಲಿ ಎನ್ನುತ್ತಾರೆ. ‘ನಮ್ಮ ಟೆಕ್ಸಸ್’ ಅಂತ ತಾನಾಗಿ ಬಂದುಬಿಟ್ಟಿತು ನೋಡಿ. ಇಲ್ಲಿಯ ಬಿಸಿಲು ಅಷ್ಟು ತಿಂದಿದ್ದೇವೆ.

ಕೋಣೆ ಹಿಡಿಯುವುದು ಸುಲಭ. ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಕಷ್ಟ. ಯಾರೋ ಸಾಯುತ್ತಾರೆ, ಯಾರದೋ ಡೈವೋರ್ಸ್ ಆಗುತ್ತದೆ, ಯಾರದೋ ಕೆಲಸ ಹೋಗುತ್ತದೆ, ಯಾರೋ ಊರೇ ಬಿಡುತ್ತಾರೆ. ಬಾಕಿ ಬೆಳೆಯುತ್ತದೆ. ಆಗ ಕಾನೂನಿನ ಪ್ರಕಾರ ನೋಟಿಸ್ ಕೊಟ್ಟು, ಪ್ರಕಟಣೆ ಹೊರಡಿಸಿ, ಬೀಗ ಕತ್ತರಿಸಿ, ಒಳಗಿದ್ದದ್ದನ್ನೆಲ್ಲ ಒಂದೇ ಗುಡ್ಡೆಯಾಗಿ ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಆ ಹೆಚ್ಚಿನ ದುಡ್ಡು ಬಾಡಿಗೆದಾರನದೇ. ಇಷ್ಟೂ ನನಗೆ ಗೊತ್ತಾದದ್ದು ನನ್ನ ಬಾಮೈದನಿಂದ.

ಬಾಮೈದ ಡಲ್ಲಾಸಿಗೆ ಬಂದದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಎಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ತೆಪ್ಪಗಿದ್ದ. ಆ ವೀಸಾದಲ್ಲಿ ಪಕ್ಕದಲ್ಲೊಂದು ವ್ಯಾಪಾರ ಮಾಡುವ ಹಾಗಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂತು, ಹುಡುಗನ ಮೈಯಲ್ಲಿ ಶೆಟ್ಟರು ಹೊಕ್ಕರು. ಮೊದಲು ಷೇರು, ಆಮೇಲೆ ಬಿಟ್‌ಕಾಯಿನ್, ಅದಾದ ಮೇಲೆ ಈ ಬೀಗ ಕತ್ತರಿಸಿದ ಕೋಣೆಗಳು. 2010ರ ಕೊನೆಯಿಂದ ಈ ಹರಾಜಿನ ಮೇಲೆ ಟಿವಿ ಶೋಗಳು ಬರುತ್ತಿವೆ. ಅವುಗಳಲ್ಲಿ ಶಟರ್ ಎತ್ತಿದರೆ ಸಾಕು, ಒಳಗೆ ಹಳೇ ನಾಣ್ಯವೋ ಅಪರೂಪದ ಗಿಟಾರೋ ಕಾದು ಕೂತಿರುತ್ತದೆ. ಅವನು ಒಂದನ್ನೂ ಬಿಟ್ಟಿಲ್ಲ.

ಅದಕ್ಕಿಂತ ದೊಡ್ಡ ಕಾಯಿಲೆ ಕಾರಿನ ಕಥೆ. 1989ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಗಂಡ ಹೆಂಡತಿ ಇಬ್ಬರು ಸುಮಾರು 100 ಡಾಲರಿಗೆ ಇಂಥದೊಂದು ಕೋಣೆಯ ಸಾಮಾನನ್ನು ಹರಾಜಿನಲ್ಲಿ ಕೊಂಡರಂತೆ. ಒಳಗೆ ಕಂಬಳಿ ಹೊದ್ದು ಮಲಗಿದ್ದದ್ದು 1977ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ನೀರಿಗೆ ಹಾರಿ ಸಬ್‌ಮರೀನ್ ಆಗುವ ಬಿಳಿ ಲೋಟಸ್ ಕಾರು! 2013ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಹತ್ತಿರ ಹತ್ತಿರ 10 ಲಕ್ಷ ಡಾಲರಿಗೆ ಹೋಯಿತು. ಕೊಂಡದ್ದು ಇಲಾನ್ ಮಸ್ಕ್. ಇದು ನಿಜವಾಗಿ ನಡೆದದ್ದು, ಅದೇ ತೊಂದರೆ. ಸುಳ್ಳಾಗಿದ್ದರೆ ಒಂದು ಮಾತಿನಲ್ಲಿ ಬಾಯಿ ಮುಚ್ಚಿಸಬಹುದಿತ್ತು. ಬಾಮೈದ ಇದನ್ನು ಸತ್ಯನಾರಾಯಣ ಕಥೆಯ ಹಾಗೆ ಹೇಳುತ್ತಾನೆ. ಕೇಳಿದವರಿಗೆಲ್ಲ ಭಾಗ್ಯ ಬರುತ್ತದೆ ಎನ್ನುವ ನಂಬಿಕೆ ಅವನ ಮುಖದಲ್ಲಿ ಕಾಣುತ್ತದೆ.

ಮೊದಲೆಲ್ಲ ಹರಾಜು ಕೂಗುವವನು ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದ. ಕೊಳ್ಳುವವರು ಹೊಸ್ತಿಲಾಚೆ ನಿಂತು ಟಾರ್ಚ್ ಬಿಟ್ಟು ನೋಡಬೇಕು. ಒಳಗೆ ಕಾಲಿಡುವ ಹಾಗಿಲ್ಲ, ಏನನ್ನೂ ಮುಟ್ಟುವ ಹಾಗಿಲ್ಲ. ಈಗ ಬಹುಪಾಲು ಫೋನಿನಲ್ಲೇ. ನಾಲ್ಕಾರು ಫೋಟೋ ಹಾಕಿರುತ್ತಾರೆ. ಫೋಟೋದಲ್ಲಿ ಕಾಣುವುದು ಮುಂದಿನ ಸಾಲು ಮಾತ್ರ. ಹಿಂದಿನದನ್ನು ಕಾಣಲು ಬಾಮೈದನ ಕಣ್ಣು ಬೇಕು.

‘ಭಾವ, ಆ ಮೂಲೇಲಿ ಕಂಬಳಿ ಮುಚ್ಚಿದೆಯಲ್ಲ, ಅದೇನಿರಬಹುದು ಹೇಳಿ?’

‘ಇನ್ನೊಂದು ಕಂಬಳಿ ಇರಬಹುದಯ್ಯಾ.’

‘ಕೆಳಗಡೆ ಮರದ ಕಾಲು ಕಾಣ್ತಿದೆ. ಆಂಟಿಕ್ಕು!’

400 ಡಾಲರ್ ಚಿಲ್ಲರೆಗೆ ಕೋಣೆ ಅವನದಾಯಿತು. ಅದರ ಮೇಲೆ ಹರಾಜು ನಡೆಸುವವರ ಕಮಿಷನ್ನು, ತೆರಿಗೆ, ಗುಡಿಸಿ ಕೊಡದಿದ್ದರೆ ವಾಪಸ್ ಬಾರದ 100 ಡಾಲರ್ ಡಿಪಾಸಿಟ್ಟು. ಎರಡು ಮೂರು ದಿನದೊಳಗೆ ಪೂರಾ ಖಾಲಿಯಾಗಬೇಕು. ಬೇಕಾದದ್ದು ಎತ್ತಿಕೊಂಡು ಬೇಡದ್ದು ಬಿಟ್ಟು ಬರುವ ಹಾಗಿಲ್ಲ. ಅಲ್ಲೇ ಒಂದು ದೊಡ್ಡ ಕಸದ ತೊಟ್ಟಿ ಇತ್ತು. ಅದಕ್ಕೂ ಬೀಗ. ಪಕ್ಕದಲ್ಲಿ ಬೋರ್ಡು: ನಿಮ್ಮ ಕಸ ಹಾಕಿದರೆ ದಂಡ. ಹತ್ತು ನಿಮಿಷದ ಹಿಂದಿನವರೆಗೆ ಅದು ಇನ್ಯಾರದೋ ಸಾಮಾನಾಗಿತ್ತು, ನೋಡನೋಡುತ್ತ ನಮ್ಮ ಕಸವಾಯಿತು.

‘ರೀ, ಇವನ ಜೊತೆ ಹೋಗಿ. ಒಬ್ಬನೇ ಭಾರ ಎತ್ತಿ ಸೊಂಟ ಹಿಡ್ಕೊಂಡ್ರೆ?’ ಎಂದಳು ಹೆಂಡತಿ. ನನ್ನ ಸೊಂಟದ ವಿಚಾರ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಟೆಕ್ಸಸ್‌ನ ಜುಲೈ. ಹೊರಗೆ 40 ಡಿಗ್ರಿ, ಎಸಿ ಇಲ್ಲದ ತಗಡಿನ ಕೋಣೆಯೊಳಗೆ ಎಷ್ಟೋ ದೇವರಿಗೇ ಗೊತ್ತು. ತಿಪಟೂರಿನಿಂದ ಆರು ತಿಂಗಳಿಗೆ ಬಂದಿದ್ದ ಅತ್ತೆಯೂ ‘ಮನೇಲಿ ಕೂತು ಏನ್ ಮಾಡ್ಲಿ’ ಎಂದು ಹೊರಟರು. ಕೈಯಲ್ಲಿ ಮಜ್ಜಿಗೆಯ ಬಾಟಲಿ.

ಕಂಬಳಿ ತೆಗೆದೆವು. ಆರ್ಗನ್! ಬಾಯಲ್ಲಿ ಊದುವ ಮೌತ್ ಆರ್ಗನ್ ಅಲ್ಲ. ಎರಡು ಸಾಲು ಮಣೆ, ಕಾಲಲ್ಲಿ ಒತ್ತುವ ಪೆಡಲು, ಗಟ್ಟಿ ಮರದ ಮೈ. ಐವತ್ತು ಅರವತ್ತು ವರ್ಷದ ಹಿಂದೆ ಇಲ್ಲಿನ ಮಧ್ಯಮವರ್ಗದ ಮನೆಗೆ ಇದೊಂದು ಪ್ರತಿಷ್ಠೆ. ಈಗ ಇದನ್ನು ಪುಕ್ಕಟೆ ಕೊಟ್ಟರೂ ಕೇಳುವವರಿಲ್ಲ ಎನ್ನುವುದು ಹಳೇ ಸಾಮಾನಿನ ವ್ಯಾಪಾರದಲ್ಲಿ ಇರುವವರಿಗೆಲ್ಲ ಗೊತ್ತು. ಬಾಮೈದ ಟಿವಿ ನೋಡಿ ಕಲಿತವನು. ಟಿವಿಯವರು ಆರ್ಗನ್ ತೋರಿಸುವುದಿಲ್ಲ.

ಮಿಕ್ಕಿದ್ದು: ಓಡದ ಟ್ರೆಡ್‌ಮಿಲ್, ಎರಡು ಹಾಸಿಗೆ, ಒಂದು ವಿಶ್ವಕೋಶದ ಪೂರ್ತಿ ಸೆಟ್ಟು, ವಿಎಚ್ಎಸ್ ಕ್ಯಾಸೆಟ್ಟುಗಳು, ಮುಚ್ಚಳಗಳಿಗೆ ಹೊಂದದ ಡಬ್ಬಿಗಳು, ಡಬ್ಬಿಗಳಿಗೆ ಹೊಂದದ ಮುಚ್ಚಳಗಳು. ಒಂದು ಬ್ರೆಡ್ ಮಷೀನು. ಅಮೆರಿಕದ ಪ್ರತಿ ಸ್ಟೋರೇಜಿನಲ್ಲೂ ಒಂದು ಬ್ರೆಡ್ ಮಷೀನು ಇದ್ದೇ ಇರುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಒಂದು ಸಣ್ಣ ತಿಜೋರಿಯೂ ಇತ್ತು. ಅಲ್ಲಾಡಿಸಿದರೆ ಒಳಗೆ ಏನೋ ಸರಿದಾಡಿತು. ಬಾಮೈದನ ಉಸಿರೂ ಸರಿದಾಡಿತು. ಬೀಗ ತೆಗೆಯುವವನನ್ನು ಕರೆಸಿದ. ಅವನು ಬಂದ, ತೆಗೆದ, ದುಡ್ಡು ಎಣಿಸಿಕೊಂಡು ಹೋದ. ಒಳಗೆ ಆ ತಿಜೋರಿಯದೇ ಗ್ಯಾರಂಟಿ ಕಾರ್ಡು ಸುಭದ್ರವಾಗಿತ್ತು.

ಒಂದು ಪೆಟ್ಟಿಗೆಯಲ್ಲಿ ಫೋಟೋ ಆಲ್ಬಮ್ಮುಗಳು. ಫೋಟೋ, ಮನೆಯ ಕಾಗದಪತ್ರ ಇಂಥವನ್ನು ಕೊಂಡವರು ಇಟ್ಟುಕೊಳ್ಳುವ ಹಾಗಿಲ್ಲ, ಆಫೀಸಿಗೆ ಒಪ್ಪಿಸಬೇಕು. ಒಪ್ಪಿಸುವ ಮುಂಚೆ ಅತ್ತೆ ಡಬ್ಬದ ಮೇಲೆ ಕೂತು ಒಂದೊಂದೇ ಪುಟ ತಿರುಗಿಸಿದರು. ‘ಇವ್ಳು ದೊಡ್ಡ ಸೊಸೆ. ನಗು ನೋಡು, ಬಲವಂತದ್ದು. ಇವ್ನು ಕಿರೀ ಮಗ, ಮುದ್ದಿಂದ ಹಾಳಾದೋನು.’ ಹಾಗೆ ಹೇಳುವಾಗ ತಮ್ಮ ಮಗನ ಕಡೆ ಯಾಕೆ ನೋಡಿದರೋ. ‘ಅಜ್ಜಿ ಹೋದ್ಮೇಲೆ ಯಾರೂ ಬಂದಿಲ್ಲ ಕಣೋ, ಅದಕ್ಕೇ ಬಾಡಿಗೆ ನಿಂತಿದೆ’ ಎಂದು ತೀರ್ಪು ಕೊಟ್ಟರು. ಆಫೀಸಿನ ಹುಡುಗಿಗೆ ಆಲ್ಬಮ್ ಕೊಡುವಾಗ, ಆ ಮನೆಯವರು ಬಂದರೆ ನಾವು ಕೇಳಿದೆವು ಅಂತ ಹೇಳು ಎಂದು ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸಿದರು. ಆ ಹುಡುಗಿ ಬರೆದೂ ಇಟ್ಟುಕೊಂಡಳು, ಪಾಪ.

ಇನ್ನು ಮಾರುವ ಕಥೆ. ಫೋಟೋ ತೆಗೆದು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿಗೆ ಹಾಕಿದ ಎರಡೇ ನಿಮಿಷಕ್ಕೆ ‘ಇದಿನ್ನೂ ಇದೆಯಾ?’ ಅಂತ ಬರುತ್ತದೆ. ಇದೆ ಅಂದರೆ ಕೇಳಿದವರೇ ಇರುವುದಿಲ್ಲ. ಒಂದು ಬಟನ್ ಒತ್ತಿದರೆ ಹೋಗುವ ಪ್ರಶ್ನೆ ಅದು. ಒತ್ತುವವರಿಗೆ ಕೊಳ್ಳುವ ಯೋಚನೆ ಇರಲೇಬೇಕು ಎಂದೇನೂ ಇಲ್ಲ. ಟ್ರೆಡ್‌ಮಿಲ್‌ಗೆ ಒಬ್ಬ ಎರಡು ನಾಟಿ ಕೋಳಿ ಕೊಡುತ್ತೇನೆ ಎಂದ. ನಾವು ಸಸ್ಯಾಹಾರಿಗಳು ಎಂದದ್ದಕ್ಕೆ ‘ಮೊಟ್ಟೆ ಇಡುತ್ತವೆ’ ಎಂದು ಸಮಾಧಾನ ಹೇಳಿದ. ಆರ್ಗನ್ ‘ಫ್ರೀ’ ಎಂದು ಹಾಕಿದೆವು. ಮನೆಗೆ ತಂದುಕೊಡುತ್ತೀರಾ, ಮಹಡಿ ಹತ್ತಿಸುತ್ತೀರಾ, ಹತ್ತಿಸಿದ ಮೇಲೆ ಕಲಿಸುತ್ತೀರಾ? ಆಮೇಲೆ ಅದು ನಮ್ಮ ಹಾಲ್‌ನಲ್ಲೇ ಉಳಿಯಿತು. ಅತ್ತೆ ಬೆಳಗ್ಗೆ ಅದರ ಮುಂದೆ ಕೂತು ಸರಳೆ ವರಸೆ ನುಡಿಸತೊಡಗಿದರು. ಎರಡು ಸ್ವರ ಹೊರಡುವುದೇ ಇಲ್ಲ. ಆ ಎರಡನ್ನೂ ಬಾಯಲ್ಲಿ ಹಾಡಿ ತುಂಬುತ್ತಾರೆ.

ನಿಜವಾಗಿ ಬೆಲೆಬಾಳುವ ವಸ್ತು ಒಂದಿತ್ತು. ತುಕ್ಕು ಹಿಡಿದ ಎರಕದ ಕಬ್ಬಿಣದ ಗ್ರಿಡಲ್. ಗುಂಡಗೆ, ಚಪ್ಪಟೆ, ಹಿಡಿ ಸಮೇತ. ಬೆನ್ನ ಮೇಲೆ ಗ್ರಿಸ್ವೋಲ್ಡ್, ಎರೀ, ಪೆನ್ಸಿಲ್ವೇನಿಯಾ ಎಂಬ ಅಚ್ಚು. ಎರೀ ಊರಿನ ಆ ಕಾರ್ಖಾನೆ 1957ರಲ್ಲೇ ಮುಚ್ಚಿತು. ಹಳೇ ಕಬ್ಬಿಣದ ಹುಚ್ಚಿರುವವರು ಅದಕ್ಕೆ ಒಳ್ಳೇ ಬೆಲೆ ಕೊಡುತ್ತಾರೆ. ಬಾಮೈದ ಕುಣಿದಾಡಿದ. ಆದರೆ ಅದು ಮೊದಲು ಬಿದ್ದದ್ದು ಅತ್ತೆಯ ಕಣ್ಣಿಗೆ.

‘ದೋಸೆ ಕಾವಲಿ!’

‘ಅಮ್ಮಾ, ಅದು ಮಾರೋದಕ್ಕೆ. 1957ಕ್ಕೆ ಮುಂಚಿಂದು.’

‘ನಿಮ್ಮಜ್ಜಿ ಕಾವಲಿ ಅದಕ್ಕಿಂತ ಹಳೇದು. ಯಾರಾದ್ರೂ ಮಾರಿದ್ವಾ?’

ಅದರ ಮೇಲೆ ಯಾರು ಏನೇನು ಬೇಯಿಸಿದ್ದರೋ ಎಂಬ ಪ್ರಶ್ನೆ ಎದ್ದಿತು. ಅಗ್ನಿಗೆ ಹಾಕಿದರೆ ಎಲ್ಲ ಶುದ್ಧ ಎಂದು ಅತ್ತೆಯೇ ಪರಿಹಾರ ಹೇಳಿದರು. ನಮ್ಮ ಓವನ್ನಿಗೆ ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳುವ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಒಳಗೆ 450 ಡಿಗ್ರಿ ದಾಟುತ್ತದೆ. ಬಾಗಿಲು ತಾನೇ ಲಾಕ್ ಆಗುತ್ತದೆ, ತಣ್ಣಗಾಗುವವರೆಗೂ ತೆರೆಯುವುದಿಲ್ಲ. ನಾವು ಊರಲ್ಲಿಲ್ಲದ ಹೊತ್ತು ನೋಡಿ ಅತ್ತೆ ಕಾವಲಿಯನ್ನು ಒಳಗಿಟ್ಟು ಒತ್ತಿದರು. ಅರ್ಧ ಶತಮಾನದ ಜಿಡ್ಡು ಹೊತ್ತಿತು. ಹೊಗೆಯ ಅಲಾರಾಂ ಒಂದು ಕೂಗಿತು. ಇಲ್ಲಿ ಮನೆಯ ಅಲಾರಾಂಗಳಿಗೆಲ್ಲ ಒಂದೇ ತಂತಿ, ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಪಕ್ಕದ ಮನೆಯ ಟೆಕ್ಸನ್ ತಾತ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿ ಬಂದರೆ, ಅತ್ತೆ ಬಾಗಿಲಲ್ಲಿ ನಿಂತು ಬೀಸಣಿಗೆ ಬೀಸುತ್ತಿದ್ದರಂತೆ.

ಕಾವಲಿ ಮಾತ್ರ ಹೊಚ್ಚ ಹೊಸದಾಗಿ ಹೊರಬಂತು. ಈರುಳ್ಳಿ ಅರ್ಧಕ್ಕೆ ಕೊಯ್ದು, ಎಣ್ಣೆಯಲ್ಲಿ ಅದ್ದಿ ಉಜ್ಜಿ ಪಳಗಿಸಿದರು. ಮಾರನೇ ದಿನ ಅದರ ಮೇಲೆ ಎದ್ದ ದೋಸೆ ತಿಂದು ಟೆಕ್ಸನ್ ತಾತ ಇನ್ನೊಂದು ಕೇಳಿದ. ಮಾರಾಟದ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದನ್ನು ಕ್ಯಾಂಟನ್ ಸಂತೆಗೆ ಒಯ್ದೆವು. ಡಲ್ಲಾಸಿನಿಂದ ಪೂರ್ವಕ್ಕೆ ಒಂದು ಗಂಟೆಯ ದಾರಿ. 1850ರ ದಶಕದಲ್ಲಿ ತಿಂಗಳ ಮೊದಲ ಸೋಮವಾರ ಜಡ್ಜ್ ಸಾಹೇಬರು ಕೋರ್ಟು ನಡೆಸಲು ಆ ಊರಿಗೆ ಬರುತ್ತಿದ್ದರಂತೆ. ಕೋರ್ಟಿಗೆ ಬಂದ ಜನ ಕುದುರೆ, ದವಸ ಬದಲಾಯಿಸಿಕೊಳ್ಳುತ್ತ ಸಂತೆ ಬೆಳೆಯಿತು. ಹೆಸರು ಈಗಲೂ ‘ಮೊದಲ ಸೋಮವಾರ’. ಸಂತೆ ನಡೆಯುವುದು ಅದರ ಹಿಂದಿನ ಗುರುವಾರದಿಂದ ಭಾನುವಾರದವರೆಗೆ. ಸೋಮವಾರ ಹೋದರೆ ಖಾಲಿ ಮೈದಾನ. ‘ತಿಪಟೂರಲ್ಲಿ ಹೀಗ್ ಮಾಡಿದ್ರೆ ಹೊಡೆದಾಟ ಆಗ್ತಿತ್ತು’ ಎಂದರು ಅತ್ತೆ.

ಅತ್ತೆಗೆ ಬರುವ ಇಂಗ್ಲಿಷಿನಲ್ಲಿ ‘ಫಿಕ್ಸೆಡ್ ರೇಟ್’ ಮುಖ್ಯವಾದದ್ದು. ಬ್ರೆಡ್ ಮಷೀನಿಗೆ 20 ಡಾಲರ್ ಚೀಟಿ ಅಂಟಿಸಿದ್ದೆವು. ಟೋಪಿ ಹಾಕಿದ ಒಬ್ಬ 5 ಕೊಡುತ್ತೇನೆ ಎಂದ. ‘ಫಿಕ್ಸೆಡ್ ರೇಟ್.’ 8 ಎಂದ. ಅತ್ತೆ ಮುಖ ತಿರುಗಿಸಿ ಚಕ್ಕುಲಿ ಡಬ್ಬ ತೆಗೆದರು. 12 ಎಂದ. ಅವನಿಗೂ ಒಂದು ಚಕ್ಕುಲಿ ಕೊಟ್ಟರು. ಅವನು ತಿಂದು 15 ಕೊಟ್ಟು ಒಯ್ದ. ಹಾಗೆ ಬಂದ ದುಡ್ಡಿನಲ್ಲಿ ಅತ್ತೆ ಎದುರು ಅಂಗಡಿಯಲ್ಲಿ ಒಂದು ಹಿತ್ತಾಳೆ ಚೊಂಬು ಕೊಂಡರು. ತಳದಲ್ಲಿ ‘ಮೇಡ್ ಇನ್ ಇಂಡಿಯಾ’. ಅಲ್ಲಿ ಅವರು ಚೌಕಾಸಿ ಮಾಡಿದ ರೀತಿ ನೋಡಿದರೆ ಫಿಕ್ಸೆಡ್ ರೇಟ್ ಎನ್ನುವ ಮಾತನ್ನು ಜೀವನದಲ್ಲೇ ಕೇಳಿದವರ ಹಾಗಿರಲಿಲ್ಲ.

ಬಾಮೈದ ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಇಟ್ಟಿದ್ದ. ಲಾಭ ಹಸಿರು ಬಣ್ಣದಲ್ಲಿ ಮಿಂಚುತ್ತಿತ್ತು. ನನ್ನ ಹೆಂಡತಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡಿದವಳು, ಕನ್ನಡಕ ಹಾಕಿಕೊಂಡು ಕೂತಳು. ಮಾರದ ಸಾಮಾನಿಗೂ ತಾನು ಕೇಳುವ ಬೆಲೆ ಹಾಕಿ ಲಾಭಕ್ಕೆ ಸೇರಿಸಿದ್ದ. ಬಾಡಿಗೆ ಟ್ರಕ್ಕು ದಿನಕ್ಕಿಷ್ಟು ಎಂದು ಬರೆದಿದ್ದ, ಮೈಲಿಗಿಷ್ಟು ಬಿಟ್ಟಿದ್ದ. ಆನ್‌ಲೈನ್‌ನಲ್ಲಿ ಮಾರಿದ್ದಕ್ಕೆ ನೂರಕ್ಕೆ ಹದಿಮೂರರ ಆಸುಪಾಸು ಕಮಿಷನ್ನು ಹೋಗಿತ್ತು. ಹಾಸಿಗೆಗಳನ್ನು ದಾನಕ್ಕೂ ಯಾರೂ ಮುಟ್ಟಲಿಲ್ಲ, ದುಡ್ಡು ತೆತ್ತು ಕಸದ ಗುಡ್ಡಕ್ಕೆ ಹಾಕಿದ್ದಾಗಿತ್ತು. ಬೀಗದವನು, ನನ್ನ ಸೊಂಟಕ್ಕೆ ಮುಲಾಮು, ಓವನ್ ರಿಪೇರಿ. ಹಸಿರು ಕೆಂಪಾಯಿತು. ‘ಅಕ್ಕ, ಸ್ಟಾಕ್ ಇದೆಯಲ್ಲ!’ ಎಂದ. ಸ್ಟಾಕ್ ನಮ್ಮ ಗ್ಯಾರೇಜಿನಲ್ಲಿತ್ತು, ಕಾರು ಬಿಸಿಲಲ್ಲಿತ್ತು.

ಸ್ಟಾಕಿನಲ್ಲಿ ಒಂದು ಪೆಟ್ಟಿಗೆ ತುಂಬ ಬೀನಿ ಬೇಬಿ ಗೊಂಬೆಗಳು. ಕಾಳು ತುಂಬಿದ ಹಾಗಿರುವ ಪುಟ್ಟ ಕರಡಿ, ಏಡಿ, ಹಂದಿ. 1990ರ ದಶಕದಲ್ಲಿ ಅಮೆರಿಕನ್ನರು ಇವನ್ನು ಚಿನ್ನದಂತೆ ಕೂಡಿಟ್ಟರು. ಕಿವಿಯ ಚೀಟಿ ಸುಕ್ಕಾಗದಿರಲೆಂದು ಅದಕ್ಕೂ ಪ್ಲಾಸ್ಟಿಕ್ ಕವಚ ಹಾಕಿದರು. ಮಕ್ಕಳ ಕಾಲೇಜಿನ ಖರ್ಚು ಇದರಲ್ಲೇ ಬರುತ್ತದೆ ಎಂದು ನಂಬಿದವರಿದ್ದರು. ಹುಚ್ಚು ಇಳಿದ ಮೇಲೆ ಬೆಲೆಯೂ ಇಳಿಯಿತು. ಸಂತೆಯಲ್ಲಿ ಅವನ್ನು ಮೂಸಿದವರಿಲ್ಲ.

ದಸರಾ ಬಂತು. ಅತ್ತೆ ಪೆಟ್ಟಿಗೆ ಬಿಚ್ಚಿದರು. ಆರ್ಗನ್ನಿಗೆ ಮಾವನ ಬಿಳಿ ಪಂಚೆ ಹೊದಿಸಿದರು. ಎರಡು ಸಾಲು ಮಣೆಯೇ ಎರಡು ಮೆಟ್ಟಿಲಾಯಿತು. ಮೇಲೆ ಪಟ್ಟದ ಗೊಂಬೆಗಳು, ಕೆಳಗೆ ಶೆಟ್ಟರ ಅಂಗಡಿ, ವಿಶ್ವಕೋಶದ ಸಂಪುಟಗಳನ್ನು ಜೋಡಿಸಿ ಬೆಟ್ಟ, ಬೆಟ್ಟದ ಬುಡದಲ್ಲಿ ಬೀನಿ ಬೇಬಿಗಳ ಮೃಗಾಲಯ. ಕನ್ನಡ ಸಂಘದ ಹೆಂಗಸರು, ಮಕ್ಕಳು ಅರಿಶಿನ ಕುಂಕುಮಕ್ಕೆ ಬಂದರು. ಯಾರದೋ ಮಗು ಆರ್ಗನ್ನಿನ ಪೆಡಲ್ ತುಳಿದು, ರಾಜ ರಾಣಿಯರ ಕೆಳಗಿಂದ ಭೋಂ ಎಂದು ಸದ್ದು ಬಂತು. ಆ ಮಗು ನೇರಳೆ ಬಣ್ಣದ ಕರಡಿಯನ್ನು ಅಪ್ಪಿಕೊಂಡು ಬಿಡಲೊಲ್ಲದು. ಅದರ ತಾಯಿ ಸಂಕೋಚದಿಂದ, ‘ಇದು ಎಲ್ಲಿ ತಂದ್ರಿ ಆಂಟಿ, ಎಷ್ಟಾಗತ್ತೆ?’ ಎಂದಳು.

ಬಾಮೈದ ಸೋಫಾದಿಂದ ಎದ್ದೇ ಬಿಟ್ಟ. ಅತ್ತೆ ಕೈ ಅಡ್ಡ ಹಿಡಿದು ಅವನನ್ನು ಕೂರಿಸಿದರು.

‘ವಿಜಯದಶಮಿ ಕಳೀಲಿ ತಾಯಿ, ಪಟ್ಟದ ಗೊಂಬೆ ಮಲಗಿಸಿದ ಮೇಲೆ ಬಾ. ಫಿಕ್ಸೆಡ್ ರೇಟು. ಕರಡಿ ತಗೊಂಡ್ರೆ ಆರ್ಗನ್ ಫ್ರೀ.’