ಹಣ ಎಷ್ಟೆಂದು ಹೇಳಿ, ಆಮೇಲೆ ಆದ್ಯತೆ ಕೇಳಿ

ಬಜೆಟ್ ಕಾಲ ಬಂತೆಂದರೆ ನಮ್ಮ ನಗರ ಪಾಲಿಕೆಗಳಿಗೆ ನಾಗರಿಕರ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕುತ್ತದೆ. ನಿಮ್ಮ ವಾರ್ಡಿಗೆ ಏನು ಬೇಕು, ಸಲಹೆ ಕೊಡಿ ಎನ್ನುತ್ತಾರೆ. ನಾವೂ ಪಾದಚಾರಿ ಮಾರ್ಗ, ಬೀದಿದೀಪ, ಮಳೆನೀರಿನ ಚರಂಡಿ, ಶೌಚಾಲಯ ಎಂದು ಹಾಳೆ ತುಂಬಿಸಿ ಕೊಡುತ್ತೇವೆ. ಈ ವರ್ಷ ವಾರ್ಡಿಗೆ ಬರುವ ಅನುದಾನ ಎಷ್ಟು ಎಂಬುದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಗಂಟು ಎಷ್ಟಿದೆ ಎಂದು ಗೊತ್ತಿದ್ದರೆ ತಾನೇ ಯಾವುದು ಮೊದಲು, ಯಾವುದು ಆಮೇಲೆ ಎಂದು ಜನ ಜಗಳವಾಡಿಯಾದರೂ ತೀರ್ಮಾನಿಸುವುದು?

ಕಾನೂನಿಗೇನೂ ಕೊರತೆಯಿಲ್ಲ. 1992ರಲ್ಲಿ ಸಂವಿಧಾನಕ್ಕೆ ಆದ 74ನೇ ತಿದ್ದುಪಡಿಯ ನಂತರ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕು. ಆದರೂ ಬೆಂಗಳೂರಿನಲ್ಲಿ ಅವು ಸಭೆ ಸೇರುವಂತಾಗಲು ಹೈಕೋರ್ಟ್ ಮತ್ತೆ ಮತ್ತೆ ಚಾಟಿ ಬೀಸಬೇಕಾಯಿತು. 2021-22ರ ಬಿಬಿಎಂಪಿ ಬಜೆಟ್‌ನಲ್ಲಿ ಪ್ರತಿ ವಾರ್ಡ್ ಸಮಿತಿಗೆ 60 ಲಕ್ಷ ರೂಪಾಯಿ ಇಟ್ಟಾಗ ನನಗೂ ಖುಷಿಯಾಗಿತ್ತು. ನೋಡಿದರೆ ರಸ್ತೆ ಗುಂಡಿಗೆ 20, ಪಾದಚಾರಿ ಮಾರ್ಗಕ್ಕೆ 20, ಕೊಳವೆಬಾವಿಗೆ 20 ಎಂದು ಮೇಲಿನಿಂದಲೇ ಪಾಲು ಮಾಡಿ ಕಳಿಸಿದ್ದರು! ಯಾವ ಗುಂಡಿಯನ್ನು ಮೊದಲು ಮುಚ್ಚಬೇಕು ಎಂಬುದಷ್ಟೇ ಜನರ ಪಾಲಿಗೆ ಉಳಿದದ್ದು. ಅಷ್ಟಾದರೂ ಸಿಕ್ಕಿತಲ್ಲ ಎನ್ನುವವರಿದ್ದಾರೆ, ಇರಲಿ. ಆ ಹೊತ್ತಿಗೆ ಅಧ್ಯಕ್ಷತೆ ವಹಿಸಲು ಕಾರ್ಪೊರೇಟರ್‌ಗಳೇ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಕೌನ್ಸಿಲ್‌ಗೆ, 2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ, ಬಜೆಟ್ ಹಣ ಯಾವುದಕ್ಕೆ ಎಂದು ಜನರನ್ನೇ ಕೇಳುವ ಈ ಕೆಲಸಕ್ಕೆ ಕೈಹಾಕಿತು. ಜನರಿಗೆ ಬಸ್ ವ್ಯವಸ್ಥೆಯೇ ದೊಡ್ಡ ಚಿಂತೆ ಎಂದುಕೊಂಡಿದ್ದ ಆಡಳಿತಕ್ಕೆ, ಬಡ ಬಡಾವಣೆಗಳ ಸಭೆಗಳಲ್ಲಿ ಕೇಳಿಸಿದ್ದು ಕುಡಿಯುವ ನೀರು, ಒಳಚರಂಡಿ. ಕೇಳಿದ್ದಕ್ಕೂ ಸಾರ್ಥಕವಾಯಿತು. ಆದರೆ ಮೊದಲ ವರ್ಷ ಎಲ್ಲಕ್ಕೂ ತಲೆಯಾಡಿಸಿದ ಪಾಲಿಕೆಯ ಖಜಾನೆಯಲ್ಲಿ ಹಣವೇ ಇರಲಿಲ್ಲ. ಮರುವರ್ಷ ಸಭೆಗಳಿಗೆ ಬರುವವರ ಸಂಖ್ಯೆ ಕುಸಿಯಿತು. ವರಮಾನ ಸುಧಾರಿಸಿಕೊಂಡು, ಒಪ್ಪಿದ ಕಾಮಗಾರಿಗಳ ಪಟ್ಟಿಯನ್ನು ಪ್ರತಿವರ್ಷ ಪುಸ್ತಕವಾಗಿ ಅಚ್ಚು ಹಾಕಿಸಿ ಹಂಚಿದ ಮೇಲೆ ಜನ ಮರಳಿ ಬಂದರು. ಮೂಲಸೌಕರ್ಯ ಕಡಿಮೆ ಇರುವ ಕಡೆಗೆ ಹೆಚ್ಚು ಪಾಲು ಎಂಬ ಸೂತ್ರವೂ ಅಲ್ಲಿತ್ತು.

ನಮ್ಮಲ್ಲಿ ಆ ಪುಸ್ತಕದ ಜಾಗದಲ್ಲಿ ಇರುವುದು ನಡಾವಳಿ ರಿಜಿಸ್ಟರ್. ಒಂದು ವಾರ್ಡ್ ಸಭೆಯಲ್ಲಿ, ಊರಿನ ಹೆಸರು ಬೇಡ, ಅದನ್ನು ತಿರುವಿ ನೋಡಿದ್ದೆ. ಎಡಗಡೆ ಜನರ ಬೇಡಿಕೆ, ಬಲಗಡೆ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’. ಪುಟ ಮಗುಚಿದಷ್ಟೂ ಅದೇ ಸಾಲು, ಕೆಳಗೆ ಅದೇ ಸಹಿ. ಆಗಲ್ಲ ಎಂದಾದರೂ ಬರೆಯಬಾರದೇ? ಜಾಗ ಖಾಸಗಿಯವರದು, ಅಂದಾಜು ಪಟ್ಟಿ ಮೀರಿತು, ಆ ಲೆಕ್ಕ ಶೀರ್ಷಿಕೆಯಲ್ಲಿ ಹಣವಿಲ್ಲ ಎಂದು ಕಾರಣ ಸಹಿತ ಒಂದು ಹಿಂಬರಹ ಕೊಟ್ಟರೆ ಜನ ಅರ್ಥಮಾಡಿಕೊಳ್ಳುತ್ತಾರೆ. ಮನೆಯ ಖರ್ಚು ತೂಗಿಸುವವರಿಗೆ ‘ಈ ವರ್ಷ ಆಗಲ್ಲ’ ಎಂಬ ಮಾತೇನು ಹೊಸದೇ?

ಆ ಸಭೆಗೆ ಬಂದಿದ್ದವರಲ್ಲಿ ಹೆಚ್ಚಿನವರು ನನ್ನಂಥವರು: ಸ್ವಂತ ಮನೆ, ಬಿಡುವು, ಅರ್ಜಿ ಬರೆಯುವ ಅಭ್ಯಾಸ ಇರುವವರು. ಹಾಗಾಗಿ ಉದ್ಯಾನದ ವಾಕಿಂಗ್ ಪಥದ ಬಗ್ಗೆ ಅರ್ಧ ಗಂಟೆ ಚರ್ಚೆ. ಪಕ್ಕದ ಕೊಳಚೆ ಪ್ರದೇಶದ ನಲ್ಲಿಯ ವಿಷಯ ಎತ್ತಿದ್ದು ಒಬ್ಬರೇ ಹೆಂಗಸು, ಅದೂ ಕೆಲಸದ ಮನೆಗೆ ಹೊತ್ತಾಯಿತೆಂದು ನಿಂತುಕೊಂಡೇ. ನಿವಾಸಿಗಳ ಸಂಘಗಳವರಿಗೆ ಸಿಟ್ಟು ಬಂದರೂ ಹೇಳುತ್ತೇನೆ, ಸಭೆ ಆ ನಲ್ಲಿಯ ಹತ್ತಿರ, ಸಂಜೆ ಏಳರ ಮೇಲೆ ನಡೆಯಲಿ. ವಾಕಿಂಗ್ ಪಥದವರು ಅಲ್ಲಿಗೆ ಬಂದು ತಮ್ಮ ಬೇಡಿಕೆ ಮಂಡಿಸಲಿ.

ಈ ಸಲ ನೀವು ಸಭೆಗೆ ಹೋಗುವುದಾದರೆ ಹೊಸ ಬೇಡಿಕೆ ಬರೆಯುವ ಮೊದಲು ಕಳೆದ ವರ್ಷದ ಕ್ರಿಯಾ ಯೋಜನೆಯ ಪ್ರತಿ ಕೇಳಿ. ಮಂಜೂರಾದ ಕಾಮಗಾರಿ ಯಾವುದು, ಬಿಲ್ ಎಷ್ಟಾಯಿತು ಎಂಬುದನ್ನು ಎಲ್ಲರೆದುರು ಓದಿಸಿ. ಕೊಡಲು ಮೀನಮೇಷ ಎಣಿಸಿದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ, ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು. ನಿಮ್ಮ ವಾರ್ಡಿನ ಲೆಕ್ಕ ಕೈಗೆ ಸಿಕ್ಕರೆ ಇಲ್ಲಿಯೇ ಹಾಕಿ, ನಮ್ಮದರ ಜೊತೆ ಹೋಲಿಸಿ ನೋಡೋಣ.